ಓವರ್ ಆ್ಯಕ್ಟಿಂಗ್ ಯಾರ ತಪ್ಪು? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ನಟನೆ, ನಿರ್ದೇಶನದ ಬಗ್ಗೆಯೇ ಇದ್ದವು. ಯಾರು ದೊಡ್ಡವರು, ಯಾರು ಚಿಕ್ಕವರು ಅನ್ನುವ ಜಗಳಗಳೂ ಇದ್ದವು. ಅವುಗಳಲ್ಲಿ ಕೆಲವನ್ನು ಬದಿಗಿಟ್ಟಿದ್ದೇನೆ, ಬೇಜಾರು ಮಾಡ್ಕೋಬೇಡಿ. ಹೆಸರು ಹಾಕುವುದು ಬೇಡ ಅಂತ ಹಲವರು ಕೇಳಿದ್ದರಿಂದ ಬಡಾವಣೆ ಮಾತ್ರ ಹಾಕಿದ್ದೇನೆ.

ಪ್ರಶ್ನೆ (ಬಸವನಗುಡಿ): ಸರ್, ಮೊನ್ನೆ ಮನೆಯಲ್ಲಿ ‘ಶರಪಂಜರ’ ಹಾಕಿದ್ದೆ. ಮಗಳು ಪಿಯುಸಿ ಓದುತ್ತಿದ್ದಾಳೆ. ಕಲ್ಪನಾ ಅಳುವುದನ್ನು ನೋಡಿ ಕಿಸಕ್ಕನೆ ನಕ್ಕುಬಿಟ್ಟಳು. “ಎಷ್ಟು ಓವರ್ ಆ್ಯಕ್ಟಿಂಗ್ ಅಮ್ಮಾ” ಅಂದಳು. ಸಿಟ್ಟು ಬಂತು, ಆದರೆ ಏನು ಉತ್ತರ ಕೊಡಬೇಕೋ ಗೊತ್ತಾಗಲಿಲ್ಲ.

ಉತ್ತರ: ಮಗಳ ಮೇಲೆ ಸಿಟ್ಟು ಬೇಡ ಮೇಡಂ. ಅವಳು ನೋಡಿ ಬೆಳೆದಿರುವುದು ಮೊಬೈಲಿನಲ್ಲಿ, ಅಲ್ಲಿ ನಟರು ಗೊಣಗಿದರೂ ಕಿವಿಗೆ ಬೀಳುತ್ತದೆ. ‘ಶರಪಂಜರ’ ಬಂದಿದ್ದು 1971ರಲ್ಲಿ. ಆಗ ಪರದೆ ದೊಡ್ಡದು, ಮುಂದಿನ ಬೆಂಚಿನಲ್ಲಿ ಕೂತವರಿಗೂ ಹಿಂದೆ ಕೂತವರಿಗೂ ಮುಟ್ಟಬೇಕು, ಜೊತೆಗೆ ನಮ್ಮ ನಟನೆಯ ಬೇರು ಇದ್ದದ್ದು ಕಂಪನಿ ನಾಟಕದಲ್ಲಿ.

ಆದರೆ ‘ಆ ಕಾಲ ಹಾಗಿತ್ತು’ ಅಂತ ಕ್ಷಮೆ ಕೇಳುವ ದನಿಯಲ್ಲಿ ಹೇಳುವುದು ನನಗೆ ಇಷ್ಟವಿಲ್ಲ. ನನ್ನ ಲೆಕ್ಕ ಬೇರೆ. ಪ್ರತಿ ಸಿನಿಮಾಗೂ ಒಂದು ಶ್ರುತಿ ಇರುತ್ತದೆ, ಅದನ್ನು ಹಿಡಿಯುವವನು ನಿರ್ದೇಶಕ, ನಟರು ಅದಕ್ಕೆ ಸೇರಿಸಿ ಹಾಡಬೇಕು. ಶ್ರುತಿ ಮೇಲಿದ್ದರೆ ಮೇಲೇ ಹಾಡಬೇಕು. ‘ಶರಪಂಜರ’ ಮಾಡಿದ ಪುಟ್ಟಣ್ಣ ಕಣಗಾಲ್ ಮೇಲಿನ ಶ್ರುತಿಯ ನಿರ್ದೇಶಕ. ಅವರ ಕ್ಯಾಮೆರಾ, ಸಂಗೀತ, ಬಣ್ಣ ಎಲ್ಲವೂ ಎತ್ತರದಲ್ಲೇ ಇರುತ್ತವೆ. ಅಲ್ಲಿ ಕಲ್ಪನಾ ಒಬ್ಬರೇ ಪಿಸುಗುಟ್ಟಿದ್ದರೆ ಅದೇ ಅಪಸ್ವರವಾಗುತ್ತಿತ್ತು.

ಇನ್ನೊಂದು ವಿಷಯ. ಕಲ್ಪನಾ ಮಾಡಿದ ಪಾತ್ರ ಕಾವೇರಿ, ಅವಳು ಮಾನಸಿಕ ಆಸ್ಪತ್ರೆಯಿಂದ ವಾಪಸ್ ಬಂದ ಮೇಲಿನ ಭಾಗವನ್ನು ಮಗಳಿಗೆ ಇನ್ನೊಮ್ಮೆ ತೋರಿಸಿ. ಕಾವೇರಿಗೆ ವಾಸಿಯಾಗಿದೆ. ಮನೆಯವರಿಗೆ, ನೆರೆಯವರಿಗೆ ಮಾತ್ರ ವಾಸಿಯಾಗಿಲ್ಲ. ಅವಳು ಏನು ಮಾಡಿದರೂ ಅದರಲ್ಲಿ ಹುಚ್ಚು ಹುಡುಕುತ್ತಾರೆ. ಈ ಭಾಗದಲ್ಲಿ ಕಲ್ಪನಾ ಎಷ್ಟು ಹಿಡಿದು ಅಭಿನಯಿಸಿದ್ದಾರೆ ನೋಡಿ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅಂತ ಗೊತ್ತಿರುವ ಹೆಂಗಸು ಹೇಗೆ ನಡೆಯುತ್ತಾಳೆ, ಹೇಗೆ ನಗಲು ಹೆದರುತ್ತಾಳೆ ಅನ್ನುವುದು ಅಲ್ಲಿದೆ. ಅಷ್ಟು ಹೊತ್ತು ಹಿಡಿದಿಟ್ಟದ್ದು ಕೊನೆಗೆ ಒಡೆಯುತ್ತದೆ. ಆ ಕೊನೆಯ ತುಣುಕನ್ನು ಮಾತ್ರ ಬಿಡಿಯಾಗಿ ನೋಡಿದರೆ ಯಾರಿಗಾದರೂ ಜಾಸ್ತಿ ಆಯ್ತು ಅನಿಸುತ್ತದೆ. ಪೂರ್ತಿ ನೋಡಿದ ಮೇಲೂ ಮಗಳು ನಕ್ಕರೆ ಆಗ ನನಗೆ ಬರೆಯಿರಿ, ನಾನೇ ಅವಳ ಹತ್ತಿರ ವಾದ ಮಾಡುತ್ತೇನೆ.

ಪ್ರಶ್ನೆ (ರಾಜಾಜಿನಗರ): ಅಣ್ಣಾವ್ರ ಅಭಿನಯ ಡ್ರಾಮಾ ಥರ ಅಂತ ನಮ್ಮ ಆಫೀಸಿನಲ್ಲಿ ಒಬ್ಬರು ಹೇಳುತ್ತಾರೆ. ಕೇಳಿ ಮೈಯೆಲ್ಲ ಉರಿಯುತ್ತದೆ. ಏನು ಹೇಳಲಿ?

ಉತ್ತರ: ಏನೂ ಹೇಳಬೇಡಿ, ಎರಡು ಸಿನಿಮಾ ತೋರಿಸಿ. ಒಂದು ಹುಣಸೂರು ಕೃಷ್ಣಮೂರ್ತಿಯವರ ‘ಬಬ್ರುವಾಹನ’ (1977). ಅಪ್ಪ ಅರ್ಜುನನೂ ಅವರೇ, ಮಗ ಬಬ್ರುವಾಹನನೂ ಅವರೇ. ಇಬ್ಬರೂ ಎದುರುಬದುರು ನಿಂತು ಸವಾಲು ಹಾಕುವಾಗ ಅದು ಡ್ರಾಮಾನೇ, ಸಂಶಯವೇ ಬೇಡ, ಗುಬ್ಬಿ ಕಂಪನಿಯಲ್ಲಿ ಪಳಗಿದ ಗಂಟಲು ಅದು. ಪೌರಾಣಿಕಕ್ಕೆ ಅದೇ ಬೇಕು. ಆದರೆ ಒಂದು ಗಮನಿಸಿ. ಮೀಸೆ, ಕಿರೀಟ ಮರೆತು ಬರೀ ದನಿ ಕೇಳಿದರೂ ಅಪ್ಪ ಯಾರು, ಮಗ ಯಾರು ಅಂತ ಗೊತ್ತಾಗುತ್ತದೆ. ಅರ್ಜುನನ ಮಾತಿನಲ್ಲಿ ಗೆದ್ದು ಗೆದ್ದು ಬಂದ ಅಹಂಕಾರವಿದೆ, ಮಗನ ಮಾತಿನಲ್ಲಿ ಅವಮಾನದ ಬಿಸಿ ಇದೆ.

ಇನ್ನೊಂದು ದೊರೆ–ಭಗವಾನ್ ಜೋಡಿಯ ‘ಕಸ್ತೂರಿ ನಿವಾಸ’ (1971). ಕೊನೆಯ ಪಾರಿವಾಳದ ಸನ್ನಿವೇಶ ಎಲ್ಲರಿಗೂ ಗೊತ್ತು. ಕೊಟ್ಟೇ ಅಭ್ಯಾಸವಾದ ಮನುಷ್ಯನ ಹತ್ತಿರ, ಬಂದವರು ಬಾಯಿಬಿಟ್ಟು ಕೇಳಿದಾಗ, ಕೊಡೋಕೆ ಏನೂ ಉಳಿದಿಲ್ಲ. ಅಲ್ಲಿ ಎದೆ ಬಡಿದುಕೊಂಡು ಅಳುವುದು ಸುಲಭ, ಚಪ್ಪಾಳೆಯೂ ಬೀಳುತ್ತಿತ್ತು. ಅವರು ಅದನ್ನು ಮುಟ್ಟುವುದಿಲ್ಲ. ಆರು ವರ್ಷದ ಅಂತರದಲ್ಲಿ ಅದೇ ಮನುಷ್ಯ, ಅದೇ ಗಂಟಲು, ಎರಡು ಬೇರೆ ಶ್ರುತಿ. ಇದು ಬರೀ ಡ್ರಾಮಾದವರಿಗೆ ಆಗುವ ಕೆಲಸವಲ್ಲ.

ಅಂದಹಾಗೆ, 2014ರಲ್ಲಿ ಇದಕ್ಕೆ ಬಣ್ಣ ಹಚ್ಚಿ ಮತ್ತೆ ಬಿಡುಗಡೆ ಮಾಡಿದರು. ಜನ ಮುಗಿಬಿದ್ದು ನೋಡಿದರು, ಸಂತೋಷ. ನನ್ನ ಓಟು ಮಾತ್ರ ಕಪ್ಪು–ಬಿಳುಪಿಗೆ.

ಪ್ರಶ್ನೆ (ಮಲ್ಲೇಶ್ವರ): ನೀವು ಸುತ್ತಿ ಬಳಸಿ ಉತ್ತರ ಕೊಡುತ್ತೀರಿ. ನೇರವಾಗಿ ಹೇಳಿ, ಕನ್ನಡದಲ್ಲಿ ನಿಮಗೆ ಅತಿ ಇಷ್ಟವಾದ ಒಂದೇ ಒಂದು ಅಭಿನಯ ಯಾವುದು? ಯಾಕೆ?

ಉತ್ತರ: ‘ಬೆಳದಿಂಗಳ ಬಾಲೆ’ಯ ಅನಂತ್ ನಾಗ್. 1995ರ ಸಿನಿಮಾ, ಸುನಿಲ್ ಕುಮಾರ್ ದೇಸಾಯಿ ನಿರ್ದೇಶನ, ಯಂಡಮೂರಿ ವೀರೇಂದ್ರನಾಥರ ಕಾದಂಬರಿ ಆಧರಿಸಿದ್ದು. ನೇರವಾಗಿ ಹೇಳಿದೆ ಅಲ್ವಾ?

ಯಾಕೆ ಅಂದರೆ, ಇಲ್ಲಿ ನಟನಿಗೆ ಎದುರು ನಟಿ ಇಲ್ಲ. ರೇವಂತ್ ಒಬ್ಬ ಚೆಸ್ ಗ್ರ್ಯಾಂಡ್‌ಮಾಸ್ಟರ್. ಯಾರೋ ಹುಡುಗಿ ಫೋನ್ ಮಾಡುತ್ತಾಳೆ. ನನ್ನನ್ನು ಹುಡುಕು ಅಂತ ಪಂಥ ಕಟ್ಟುತ್ತಾಳೆ. ಸುಳಿವು ಕೊಡುತ್ತಾಳೆ, ಹೆಸರು ಕೊಡುವುದಿಲ್ಲ. ಸಿನಿಮಾ ಮುಗಿದರೂ ಅವಳ ಮುಖ ನಮಗೆ ಕಾಣುವುದಿಲ್ಲ, ಬರೀ ದನಿ. ಅಂದರೆ ಒಂದು ಇಡೀ ಪ್ರೇಮಕಥೆಯನ್ನು ಒಬ್ಬ ಮನುಷ್ಯ, ಒಂದು ಫೋನ್ ರಿಸೀವರ್ ಹಿಡಿದುಕೊಂಡು ನಮಗೆ ನಂಬಿಸಬೇಕು.

ನಮ್ಮ ಸಿನಿಮಾಗಳಲ್ಲಿ ಫೋನಿನ ದೃಶ್ಯ ಹೇಗಿರುತ್ತವೆ ಗೊತ್ತಲ್ಲ. ಆ ಕಡೆಯವರು ಹೇಳಿದ್ದನ್ನು ಈ ಕಡೆಯವರು ಇನ್ನೊಮ್ಮೆ ಹೇಳುತ್ತಾರೆ. “ಏನು? ಆ್ಯಕ್ಸಿಡೆಂಟ್ ಆಯ್ತಾ? ಯಾವ ಆಸ್ಪತ್ರೆ?” ಅಂತ. ರಿಸೀವರ್ ಕೈಜಾರುತ್ತದೆ, ಮ್ಯೂಸಿಕ್ ಬಡಿಯುತ್ತದೆ. ಅನಂತ್ ನಾಗ್ ಇಲ್ಲಿ ಮಾಡುವುದು ಕೇಳಿಸಿಕೊಳ್ಳುವ ಕೆಲಸ. ಅವಳು ಒಂದು ಮಾತು ಮುಗಿಸಿ ಇನ್ನೊಂದು ಶುರು ಮಾಡುವ ನಡುವೆ ಅವರ ಮುಖ ನೋಡಿ. ಮೊದಮೊದಲು ಇದೇನು ತರಲೆ ಅನ್ನುವ ಕಿರಿಕಿರಿ ಇರುತ್ತದೆ. ಆಮೇಲೆ ಕುತೂಹಲ, ಆಟ ಗೆಲ್ಲಬೇಕು ಅನ್ನುವ ಚೆಸ್ ಆಟಗಾರನ ಹಟ. ಆ ಹಟ ಯಾವ ಫೋನ್ ಕಾಲ್‌ನಲ್ಲಿ ಪ್ರೀತಿ ಆಯ್ತು ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಎಷ್ಟೋ ಸಲ ಹುಡುಕಿದ್ದೇನೆ, ಸಿಕ್ಕಿಲ್ಲ.

ಈಗ ನಿರ್ದೇಶಕರ ಕಡೆಗೆ ಬನ್ನಿ. ಒಬ್ಬ ಸ್ಟಾರ್ ನಾಯಕಿಯನ್ನು ಹಾಕಿಕೊಂಡು, ಕೊನೆಗೆ ಒಂದೇ ಒಂದು ಕ್ಲೋಸಪ್ ಕೊಟ್ಟಿದ್ದರೂ ಸಾಕಿತ್ತು, ಪೋಸ್ಟರ್‌ಗೆ ಒಂದು ಮುಖ ಸಿಗುತ್ತಿತ್ತು, ಗಾಂಧಿನಗರದ ಲೆಕ್ಕಕ್ಕೆ ಅದೇ ಸರಿ. ದೇಸಾಯಿ ತೋರಿಸಲಿಲ್ಲ. ತೋರಿಸಿದ್ದರೆ ನಾವು ‘ಓ ಇವಳಾ’ ಅಂದು ಎದ್ದು ಹೋಗುತ್ತಿದ್ದೆವು. ಆ ಮುಖವನ್ನು ಅನಂತ್ ನಾಗ್ ಮುಖದಲ್ಲೇ ನಾವು ನೋಡಬೇಕು ಅಂತ ತೀರ್ಮಾನ ಮಾಡಿದ್ದು ನಿರ್ದೇಶನ. ನೋಡುವ ಹಾಗೆ ಮಾಡಿದ್ದು ಅಭಿನಯ. ಎರಡನ್ನೂ ಬೇರೆ ಮಾಡಿ ಮಾರ್ಕ್ಸ್ ಕೊಡಲು ನನಗಂತೂ ಬರುವುದಿಲ್ಲ.

2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಸಿನಿಮಾದಲ್ಲಿ ಮರೆವಿನ ಕಾಯಿಲೆಯ ಅಪ್ಪನಾಗಿ ಅವರನ್ನು ನೋಡಿ ಅತ್ತವರು ಬಹಳ ಜನ. ನಾನೂ ಅತ್ತಿದ್ದೇನೆ. ಆದರೂ ಮೊದಲ ಸ್ಥಾನ ರೇವಂತ್‌ಗೆ.

ಪ್ರಶ್ನೆ (ಹನುಮಂತನಗರ): ನಿರ್ದೇಶಕರಲ್ಲಿ ಪುಟ್ಟಣ್ಣನಾ, ಗಿರೀಶ್ ಕಾಸರವಳ್ಳಿನಾ? ಒಂದೇ ಹೆಸರು ಹೇಳಬೇಕು.

ಉತ್ತರ: ಅಳಬೇಕು ಅನಿಸಿದ ದಿನ ಪುಟ್ಟಣ್ಣ. ನಿದ್ದೆ ಬಾರದ ದಿನ ಕಾಸರವಳ್ಳಿ. ಎರಡು ಹೆಸರಾಯ್ತು, ಏನು ಮಾಡುತ್ತೀರಿ?

ಪ್ರಶ್ನೆ (ಕೆಂಗೇರಿ): ನಾನು ಮಂಡ್ಯ ಕಡೆಯವನು. ‘ತಿಥಿ’ ನೋಡಿದಾಗ ನಮ್ಮೂರ ಜಗಲಿ ಮೇಲೆ ಕೂತ ಹಾಗಾಯಿತು. ಅಭಿನಯವೇ ಗೊತ್ತಿಲ್ಲದವರು ಇಷ್ಟು ಚೆನ್ನಾಗಿ ಮಾಡುತ್ತಾರೆ ಅಂದಮೇಲೆ ಈ ಆ್ಯಕ್ಟಿಂಗ್ ಸ್ಕೂಲು, ತರಬೇತಿ ಎಲ್ಲ ಯಾಕೆ ಬೇಕು?

ಉತ್ತರ: ಒಳ್ಳೇ ಪ್ರಶ್ನೆ, ಆದರೆ ಅರ್ಧ ದಾರಿಗೆ ನಿಂತಿದೆ. ಗಡ್ಡಪ್ಪ, ಸೆಂಚುರಿ ಗೌಡ, ತಮ್ಮೇಗೌಡ ಯಾರೂ ನಟರಲ್ಲ, ನಿಜ. ನಿರ್ದೇಶಕ ರಾಮ್ ರೆಡ್ಡಿ ಮತ್ತು ಕಥೆ ಬರೆದ ಈರೇಗೌಡ ಆ ಊರಿನವರನ್ನು ಮುಂದಿಟ್ಟುಕೊಂಡು, ಅವರ ನಡಿಗೆ, ಅವರ ಮಾತಿನ ವರಸೆಗೆ ತಕ್ಕ ಹಾಗೆ ಪಾತ್ರ ಹೊಲಿದರು. ಸಾಮಾನ್ಯವಾಗಿ ನಟ ಪಾತ್ರದ ಹತ್ತಿರ ಹೋಗಬೇಕು, ಇಲ್ಲಿ ಪಾತ್ರವೇ ಮನೆ ಬಾಗಿಲಿಗೆ ಬಂತು. ಶಬ್ದವನ್ನೂ ಸ್ಥಳದಲ್ಲೇ ಹಿಡಿದರು, ಆಮೇಲೆ ಸ್ಟುಡಿಯೋದಲ್ಲಿ ಕೂತು ಡಬ್ ಮಾಡಲಿಲ್ಲ. ಅದಕ್ಕೇ ಆ ಮಾತು ಅಷ್ಟು ಜೀವಂತ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಅದಕ್ಕೆ ಗೋಲ್ಡನ್ ಲೆಪರ್ಡ್ ಬಂದದ್ದು ಸುಮ್ನೆ ಅಲ್ಲ.

ಕುರಿ ಕಾಯುವವರ ಜೊತೆ ಕೂತು ಗಡ್ಡಪ್ಪ ತನ್ನ ಹಳೇ ಕಥೆ ಹೇಳುವ ಸನ್ನಿವೇಶ ನೆನಪಿದೆಯಾ? ಹೆಂಡತಿಯ ವಿಷಯ, ಅಪ್ಪನ ವಿಷಯ. ಕೇಳುವವರ ಕರುಳು ಹಿಂಡುವ ಕಥೆ. ಹೇಳುವ ಮನುಷ್ಯ ಮಾತ್ರ ಮಳೆ ಬೆಳೆ ಮಾತಾಡಿದ ಹಾಗೆ ಹೇಳಿ ಮುಗಿಸುತ್ತಾನೆ. ತರಬೇತಿ ಪಡೆದ ನಟನಾಗಿದ್ದರೆ ನಡುವೆ ಎಲ್ಲಾದರೂ ಒಂದು ಕಡೆ ಗಂಟಲು ಕಟ್ಟಿಸಿಕೊಳ್ಳುತ್ತಿದ್ದ, ಆಸೆ ತಡೆಯುವುದು ಕಷ್ಟ.

ಈಗ ಇನ್ನರ್ಧ ದಾರಿ. ‘ತಿಥಿ’ ಗೆದ್ದ ಮೇಲೆ ಅದೇ ಗಡ್ಡಪ್ಪನವರನ್ನು ಬೇರೆ ಸಿನಿಮಾಗಳಿಗೂ ಕರೆದರು. ಅದೇ ಗಡ್ಡ, ಅದೇ ದನಿ, ಅದೇ ಮನುಷ್ಯ. ಅಲ್ಲಿ ಅವರನ್ನು ನೋಡಿ ನನಗೆ ಸಂಕಟವಾಯಿತು. ಬರೆದುಕೊಟ್ಟ ಜೋಕನ್ನು ಒಪ್ಪಿಸುತ್ತಿದ್ದರು, ಅಷ್ಟೇ. ತಪ್ಪು ಅವರದ್ದು ಅಂತ ನಾನು ಹೇಳಲ್ಲ. ತರಬೇತಿ ಇದ್ದ ನಟ ಕೆಟ್ಟ ನಿರ್ದೇಶಕನ ಕೈಯಲ್ಲೂ ತನ್ನ ಮಾನ ತಾನು ಹೇಗೋ ಉಳಿಸಿಕೊಳ್ಳುತ್ತಾನೆ. ತರಬೇತಿ ಇಲ್ಲದವರಿಗೆ ಆ ಗುರಾಣಿ ಇರುವುದಿಲ್ಲ. ಸ್ಕೂಲು ಬೇಕಿರುವುದು ಅದಕ್ಕೆ.

ಪ್ರಶ್ನೆ (ವಿಜಯನಗರ): ಕಾಮಿಡಿ ಮಾಡುವವರಿಗೆ ಗಂಭೀರ ಪಾತ್ರ ಕೊಟ್ಟರೆ ಒಗ್ಗುತ್ತದಾ? ನಮ್ಮ ಜನ ಒಪ್ಪುತ್ತಾರಾ?

ಉತ್ತರ: ಉಮಾಶ್ರೀ ಅಂತ ಒಂದೇ ಹೆಸರು ಸಾಕು. ಒಂದು ಕಾಲದಲ್ಲಿ ಎನ್.ಎಸ್. ರಾವ್ ಜೊತೆ ಅವರ ಕಾಮಿಡಿಗೆ ಟಾಕೀಸು ಬಿದ್ದು ಬಿದ್ದು ನಗುತ್ತಿತ್ತು. ದ್ವಂದ್ವಾರ್ಥದ ಪಾತ್ರಗಳೂ ಬೇಕಾದಷ್ಟು ಬಂದವು. ಮನೆಯವರ ಜೊತೆ ಕೂತು ನೋಡುವಾಗ ಕೆಲವರು ಮುಖ ತಿರುಗಿಸುತ್ತಿದ್ದರು. ಅದೇ ಉಮಾಶ್ರೀ ರಂಗದ ಮೇಲೆ ದೇವನೂರ ಮಹಾದೇವರ ‘ಒಡಲಾಳ’ದ ಸಾಕವ್ವ. ನಾಟಕ ನೋಡಿದವರಿಗೆ ಅವರು ಯಾರು ಅಂತ ಗೊತ್ತಿತ್ತು, ಸಿನಿಮಾದವರಿಗೆ ಗೊತ್ತಾಗಲು ತಡವಾಯಿತು.

2008ರ ‘ಗುಲಾಬಿ ಟಾಕೀಸ್’ ನೋಡಿ. ವೈದೇಹಿಯವರ ಕಥೆ, ಕಾಸರವಳ್ಳಿ ನಿರ್ದೇಶನ. ಕುಂದಾಪುರ ಕಡೆಯ ಮೀನುಗಾರರ ನಡುವೆ ಬದುಕುವ ಸೂಲಗಿತ್ತಿ ಗುಲಾಬಿ, ಸಿನಿಮಾ ಅಂದರೆ ಪ್ರಾಣ. ಹೆರಿಗೆ ಮಾಡಿಸಿದ್ದಕ್ಕೆ ಅವಳ ಮನೆಗೆ ಟಿವಿ, ಡಿಶ್ ಆಂಟೆನಾ ಬರುತ್ತದೆ. ಅಲ್ಲಿಯವರೆಗೆ ದೂರ ಇದ್ದ ಹೆಂಗಸರೆಲ್ಲ ಟಿವಿ ನೆಪದಲ್ಲಿ ಒಳಗೆ ಬರುತ್ತಾರೆ. ಟಿವಿ ನೋಡುವ ಉಮಾಶ್ರೀ ಮುಖದಲ್ಲಿ ಹಳೇ ಕಾಮಿಡಿಯ ಚುರುಕು ಹಾಗೇ ಇದೆ, ಕಾಸರವಳ್ಳಿ ಅದನ್ನು ಒರೆಸಲಿಲ್ಲ. ಆ ಚುರುಕು ಇರುವುದರಿಂದಲೇ ಮುಂದೆ ಅವಳಿಗೆ ಆಗುವುದು ನಮಗೆ ಅಷ್ಟು ಚುಚ್ಚುತ್ತದೆ. ರಾಷ್ಟ್ರಪ್ರಶಸ್ತಿ ಬಂತು, ಬರಲೇಬೇಕಿತ್ತು.

ಪ್ರಶ್ನೆ (ಜೆ.ಪಿ. ನಗರ): ಎಂಟು ವರ್ಷದ ಮಗನನ್ನು ಅಭಿನಯದ ಕ್ಲಾಸಿಗೆ ಸೇರಿಸಿದ್ದೇವೆ. ಅಲ್ಲಿ ನವರಸ, ಕನ್ನಡಿ ಮುಂದೆ ಅಳುವುದು ಎಲ್ಲ ಕಲಿಸುತ್ತಿದ್ದಾರೆ. ಮನೆಯಲ್ಲಿ ಈಗ ಹಾಲು ಬೇಡ ಅನ್ನುವುದಕ್ಕೂ ಕರುಣರಸ! ಇದು ಸರಿಯಾ?

ಉತ್ತರ: ಅಯ್ಯೋ ಪಾಪ. ಸದ್ಯಕ್ಕೆ ಆಡೋಕೆ ಬಿಡಿ ಸರ್. ಸಂಜೆ ಮೂವರೂ ಕೂತು ‘ಬೆಟ್ಟದ ಹೂವು’ (1985) ನೋಡಿ. ಎನ್. ಲಕ್ಷ್ಮೀನಾರಾಯಣ್ ನಿರ್ದೇಶನ, ಪುನೀತ್ ಆಗಿನ್ನೂ ಮಾಸ್ಟರ್ ಲೋಹಿತ್. ಬಡ ಮನೆಯ ಹುಡುಗನಿಗೆ ರಾಮಾಯಣದ ಪುಸ್ತಕ ಕೊಳ್ಳುವ ಆಸೆ, ಅದಕ್ಕೆ ದುಡ್ಡು ಕೂಡಿಸುತ್ತಾನೆ. ಕೊನೆಗೆ ಪುಸ್ತಕ ಬಿಟ್ಟು ಮನೆಯವರಿಗೆ ಕಂಬಳಿ ಕೊಳ್ಳುತ್ತಾನೆ. ಈಗಿನ ಯಾವುದಾದರೂ ರಿಯಾಲಿಟಿ ಶೋನಲ್ಲಿ ಇದೇ ಸನ್ನಿವೇಶ ಮಾಡಿಸಿದರೆ ಮಗು ಹತ್ತು ನಿಮಿಷ ಅಳುತ್ತದೆ, ಜಡ್ಜ್‌ಗಳೂ ಅಳುತ್ತಾರೆ. ಇಲ್ಲಿ ಹುಡುಗ ಹುಡುಗನಾಗಿಯೇ ಇರುತ್ತಾನೆ.

ನಿಮಗೆ ಮಾತ್ರ (ಮಗನಿಗೆ ಬೇಡ, ಇನ್ನೂ ಚಿಕ್ಕವನು) ‘ಘಟಶ್ರಾದ್ಧ’. 1977ರದ್ದು, ಕಾಸರವಳ್ಳಿಯವರ ಮೊದಲ ಸಿನಿಮಾ. ವೇದಪಾಠಕ್ಕೆ ಬಂದ ನಾಣಿ ಅನ್ನುವ ಪುಟ್ಟ ಹುಡುಗನ ಕಣ್ಣಲ್ಲಿ ಒಬ್ಬ ವಿಧವೆಯ ಕಥೆ ಹೇಳುತ್ತಾರೆ. ಹುಡುಗನಿಗೆ ಅಭಿನಯಿಸಲು ಕೊಟ್ಟಿರುವುದು ತೀರಾ ಕಡಿಮೆ. ನೋಡುತ್ತಾನೆ, ಹೆದರುತ್ತಾನೆ, ಅರ್ಥವಾಗದೆ ನಿಲ್ಲುತ್ತಾನೆ. ಕೊನೆಗೆ ಅಪ್ಪನ ಜೊತೆ ಊರು ಬಿಡುವಾಗ, ತಲೆ ಬೋಳಿಸಿಕೊಂಡು ಮರದ ಕೆಳಗೆ ಕೂತ ಯಮುನಾ ಕಾಣುತ್ತಾಳೆ. ಏನು ಅನಿಸಿತು ಅಂತ ಹುಡುಗ ನಮಗೆ ಹೇಳುವುದಿಲ್ಲ, ನಿರ್ದೇಶಕರೂ ಹೇಳಿಸುವುದಿಲ್ಲ. ಮಕ್ಕಳಿಂದ ಕೆಲಸ ತೆಗೆಸುವುದು ಹೀಗೆ. ಅಂದಹಾಗೆ ಇದರ ಹೊಸದಾಗಿ ಸರಿಪಡಿಸಿದ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತು.

ಪ್ರಶ್ನೆ (ಮತ್ತಿಕೆರೆ): ‘ಕಾಂತಾರ’ಕ್ಕೆ ರಿಷಬ್ ಶೆಟ್ಟಿಗೆ ರಾಷ್ಟ್ರಪ್ರಶಸ್ತಿ ಕೊಟ್ಟರಲ್ಲ. ಜೋರಾಗಿ ಕೂಗಿದ್ದಕ್ಕೆ ಪ್ರಶಸ್ತಿನಾ ಅಂತ ನನ್ನ ತಮ್ಮ ಕೇಳುತ್ತಾನೆ.

ಉತ್ತರ: ತಮ್ಮನಿಗೆ ಕಿವಿ ಚೆನ್ನಾಗಿದೆ, ಕಣ್ಣು ಸ್ವಲ್ಪ ಚುರುಕಾಗಬೇಕು. ಕೂಗು ಆ ಸಿನಿಮಾದ ಶ್ರುತಿಯೇ. ಕರಾವಳಿಯ ಭೂತಕೋಲ ನೋಡಿದವರಿಗೆ ಅದು ಜಾಸ್ತಿ ಅನಿಸುವುದಿಲ್ಲ. ನನಗೆ ಆ ಕ್ಲೈಮ್ಯಾಕ್ಸ್‌ನಲ್ಲಿ ಹಿಡಿಸಿದ್ದು ಕೂಗು ನಿಂತ ಮೇಲಿನದ್ದು. ಮೈಮೇಲೆ ದೈವ ಇದೆ, ಹೊಡೆದಾಟ ಮುಗಿದಿದೆ. ಊರಿನವರ ಕೈಗಳನ್ನೂ ಫಾರೆಸ್ಟ್ ಆಫೀಸರ್ ಕೈಯನ್ನೂ ಒಟ್ಟಿಗೆ ಸೇರಿಸಿ ಎದೆಗೆ ಒತ್ತಿಕೊಳ್ಳುತ್ತಾನೆ. ಮಾತಿಲ್ಲ. ಕಣ್ಣಿನಲ್ಲಿ ಬೇಡಿಕೆಯೂ ಇದೆ, ಅಪ್ಪಣೆಯೂ ಇದೆ. ಅಲ್ಲಿ ಒಂದು ಡೈಲಾಗ್ ಹಾಕಿದ್ದರೆ ಕೆಟ್ಟುಹೋಗುತ್ತಿತ್ತು. ತಾನೇ ನಟ, ತಾನೇ ನಿರ್ದೇಶಕ ಆದಾಗ ತನಗೆ ಒಂದು ಡೈಲಾಗ್ ಕಡಿಮೆ ಬರೆದುಕೊಳ್ಳುವುದು ಸಣ್ಣ ವಿಷಯವಲ್ಲ.

ಪ್ರೇಮದ ಭಾಗ, ನಡುವಿನ ಕಾಮಿಡಿ ನನಗೆ ಹಿಡಿಸಲಿಲ್ಲ, ಅದು ಬೇರೆ ಮಾತು. ಅದಕ್ಕೂ ಪ್ರಶಸ್ತಿ ಕೊಟ್ಟಿಲ್ಲವಲ್ಲ.

ಪ್ರಶ್ನೆ (ನಾಗರಭಾವಿ): ಹೊರಗಿನಿಂದ ಬಂದ ನಾಯಕಿಯರ ತುಟಿ ಒಂದು ಕಡೆ, ಮಾತು ಒಂದು ಕಡೆ. ನೋಡೋಕಾಗಲ್ಲ.

ಉತ್ತರ: ಪ್ರಶ್ನೆ ಎಲ್ಲಿದೆ ಇದರಲ್ಲಿ? ದೂರು ಸ್ವೀಕರಿಸಿದೆ. ಡಬ್ಬಿಂಗ್ ಕಲಾವಿದೆಯರನ್ನು ಬೈಯಬೇಡಿ, ಅರ್ಧ ಅಭಿನಯ ಅವರದ್ದೇ, ಪೋಸ್ಟರ್‌ನಲ್ಲಿ ಅವರ ಹೆಸರೂ ಇರುವುದಿಲ್ಲ.

ಪ್ರಶ್ನೆ (ಯಲಹಂಕ): ಗೆಳೆಯರು ಸೇರಿ ಒಂದು ಕಿರುಚಿತ್ರ ಮಾಡುತ್ತಿದ್ದೇವೆ. ನಾನೇ ನಿರ್ದೇಶಕ. ನಟರಿಗೆ ಏನು ಹೇಳಬೇಕು ಅಂತಲೇ ಗೊತ್ತಾಗುತ್ತಿಲ್ಲ. ‘ಇನ್ನೂ ಸ್ವಲ್ಪ ಫೀಲ್ ಬೇಕು’ ಅಂತ ಹೇಳಿ ಹೇಳಿ ಸಾಕಾಗಿದೆ.

ಉತ್ತರ: ಫೀಲ್ ಅನ್ನುವ ಪದವನ್ನು ಸೆಟ್‌ನಿಂದ ಹೊರಗೆ ಹಾಕಿ. ನಟನಿಗೆ ಕೆಲಸ ಕೊಡಿ. ‘ದುಃಖದಿಂದ ಕೂತಿರು’ ಅಂದರೆ ಮುಖ ಸೊಟ್ಟ ಮಾಡುತ್ತಾನೆ. ‘ಈ ಅಂಗಿ ಗುಂಡಿ ಹೊಲಿ, ಅಷ್ಟರಲ್ಲಿ ಅಪ್ಪ ಬಂದು ಬೈಯುತ್ತಾರೆ, ನೀನು ಹೊಲಿಯುವುದು ನಿಲ್ಲಿಸಬೇಡ’ ಅನ್ನಿ. ಏನಾಗುತ್ತದೆ ನೋಡಿ.

ಎರಡನೆಯದು, ಕ್ಯಾಮೆರಾವನ್ನು ಮಾತಾಡುವವರ ಮೇಲೇ ಇಡುವ ಚಟ ಬಿಡಿ. ‘ನಾಗರಹಾವು’ (1972) ಇನ್ನೊಮ್ಮೆ ನೋಡಿ, ಈ ಸಲ ವಿಷ್ಣುವರ್ಧನ್ ಮಾತಾಡುವಾಗ ಕೆ.ಎಸ್. ಅಶ್ವಥ್ ಅವರನ್ನು ಮಾತ್ರ ನೋಡಿ. ರಾಮಾಚಾರಿಯ ಸಿಟ್ಟು ಬರೀ ಪುಂಡಾಟವಲ್ಲ ಅಂತ ನಾವು ನಂಬುವುದು ಚಾಮಯ್ಯ ಮೇಷ್ಟ್ರು ಅದನ್ನು ಕೇಳಿಸಿಕೊಳ್ಳುವ ರೀತಿಯಿಂದ. ಆಗ ವಿಷ್ಣು ನಾಯಕನಾಗಿ ಹೊಸಬರು, ಅಶ್ವಥ್ ಹಳಬರು. ಹೊಸಬನನ್ನು ಗೆಲ್ಲಿಸಲು ಯಾರನ್ನು ಎದುರಿಗೆ ನಿಲ್ಲಿಸಬೇಕು ಅಂತ ಪುಟ್ಟಣ್ಣನಿಗೆ ಗೊತ್ತಿತ್ತು.

ಮೂರನೆಯದು ದುಡ್ಡಿಗೆ ಸಂಬಂಧಿಸಿದ್ದು. ಇರುವ ಬಜೆಟ್‌ನಲ್ಲಿ ಡ್ರೋನ್ ಬಾಡಿಗೆಗೆ ತರಬೇಡಿ. ಒಳ್ಳೇ ಮೈಕ್ ತನ್ನಿ.

ಪ್ರಶ್ನೆ (ಮಾರತ್ತಹಳ್ಳಿ): ನನ್ನ ಜೊತೆ ರೂಮಿನಲ್ಲಿರುವ ಹುಡುಗ ಲಖನೌದವನು. ಕನ್ನಡ ಕಲಿಯಲು ಸಿನಿಮಾ ತೋರಿಸು ಅನ್ನುತ್ತಾನೆ. ‘ಕೆಜಿಎಫ್’ ಆಗಲೇ ಹಿಂದಿಯಲ್ಲಿ ನೋಡಿದ್ದಾನಂತೆ. ಏನು ತೋರಿಸಲಿ?

ಉತ್ತರ: ‘ಗಣೇಶನ ಮದುವೆ’. 1990, ಫಣಿ ರಾಮಚಂದ್ರ. ಒಂದು ವಠಾರ, ಒಬ್ಬ ಜಿಪುಣ ಓನರ್, ಬಾಡಿಗೆದಾರರ ಗಲಾಟೆ. ಅನಂತ್ ನಾಗ್ ಮತ್ತು ಮುಖ್ಯಮಂತ್ರಿ ಚಂದ್ರು ಒಬ್ಬರ ಮೇಲೊಬ್ಬರು ಬೀಳುವುದನ್ನು ನೋಡಲು ಭಾಷೆ ಬೇಕಾಗಿಲ್ಲ. ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದಾನೆ ಅಂದಮೇಲೆ ಕಥೆ ತಾನಾಗಿಯೇ ಅರ್ಥವಾಗುತ್ತದೆ. ಅಡ್ವಾನ್ಸ್ ವಾಪಸ್ ಕೇಳುವಾಗ ಬಳಸಬಹುದಾದ ನಾಲ್ಕು ಮಾತನ್ನೂ ಕಲಿಯುತ್ತಾನೆ.